‘ಪ್ರಬುದ್ಧ ಕರ್ಣಾಟಕ’ದ ಕಥೆ

ಇಂದು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಕನ್ನಡವನ್ನು ಅಧ್ಯಯನದ ವಿಷಯವಾಗಿ ಆರಿಸಿಕೊಂಡು ಎಂ.ಎ. ಪದವಿ ಪಡೆಯುವವರಿದ್ದಾರೆ, ಕನ್ನಡದಲ್ಲಿಯೇ ಮಹಾಪ್ರಬಂಧವನ್ನು ಬರೆದು ಡಾಕ್ಟರ್ ಎನಿಸಿಕೊಳ್ಳುವವರೂ ಇದ್ದಾರೆ. ಇದರಲ್ಲಿ ಆಶ್ಚರ್ಯಪಡತಕ್ಕದ್ದೇನಿದೆ ಎಂದು ನಿಮಗೆ ಅನ್ನಿಸಬಹುದು. ಆದರೆ ಸುಮಾರು ನೂರು ವರ್ಷಗಳ ಹಿಂದಿನ ಒಬ್ಬ ಕಾಲೇಜು ವಿದ್ಯಾರ್ಥಿಯ ಮುಂದೆ ಈ ಮಾತನ್ನಾಡಿದ್ದರೆ ಅವನು ನಕ್ಕುಬಿಡುತ್ತಿದ್ದನೋ ಏನೋ! ಅವನಿಗೆ ಗಣಿತ, ಚರಿತ್ರೆ, ತರ್ಕಶಾಸ್ತ್ರ, ಭೌತಶಾಸ್ತ್ರ ಎಲ್ಲವೂ ಇಂಗ್ಲಿಷಿನಲ್ಲಿಯೇ ನಡೆಯುತ್ತಿದ್ದವು. ಪಾಠ ಹೇಳುವವರೂ ಕನ್ನಡಿಗರು, ಕೇಳುವವರೂ ಕನ್ನಡಿಗರು. ನಡುವೆ ಮಾತು ಮಾತ್ರ ಇಂಗ್ಲಿಷಿನದು. ತರಗತಿ ಮುಗಿದ ಮೇಲೆಯೂ ಓದುಬರಹ ಬಲ್ಲವರು ಪರಸ್ಪರ ಇಂಗ್ಲಿಷಿನಲ್ಲಿಯೇ ಸಂಭಾಷಿಸುವುದು ಗೌರವದ ಲಕ್ಷಣವೆನಿಸಿತ್ತು. ಕನ್ನಡವು ಮನೆಯ ಮಾತು, ಅಂಗಡಿಬೀದಿಯ ಮಾತು. ಹೆಚ್ಚೆಂದರೆ ಪಂಡಿತರು ಹಳಗನ್ನಡ ಕಾವ್ಯಕ್ಕೆ ಅರ್ಥ ಹೇಳುವಾಗ ಬಳಸುವ ಮಾತು. ಹೊಸ ವಿಚಾರವನ್ನು ಹೊರುವ ಶಕ್ತಿ ಅದಕ್ಕೆ ಇಲ್ಲವೆಂದು ಕನ್ನಡಿಗರೇ ನಂಬಿದ್ದರು.

ಈ ನಂಬಿಕೆಯನ್ನು ಅಲುಗಿಸಿದ ಕೆಲಸಗಳಲ್ಲಿ ಒಂದು ತ್ರೈಮಾಸಿಕ ಪತ್ರಿಕೆಯದು. ಅದರ ಹೆಸರು ‘ಪ್ರಬುದ್ಧ ಕರ್ಣಾಟಕ’. ಅದು ಹುಟ್ಟಿದ್ದು 1919ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ.

ಪತ್ರಿಕೆಯ ಕಥೆಯನ್ನು ಹೇಳುವ ಮುನ್ನ ಆ ಕಾಲದ ನಾಡಿನ ಸ್ಥಿತಿಯನ್ನು ಒಂದಿಷ್ಟು ನೆನೆಯಬೇಕು. ಆಗ ಕರ್ನಾಟಕವೆಂಬ ಒಂದು ರಾಜ್ಯವಿರಲಿಲ್ಲ. ಮೈಸೂರು ಅರಸರ ಸಂಸ್ಥಾನ ಒಂದು ಕಡೆ, ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತದಲ್ಲಿ, ಮಂಗಳೂರು, ಬಳ್ಳಾರಿಗಳು ಮದರಾಸು ಪ್ರಾಂತದಲ್ಲಿ, ಕಲಬುರಗಿ, ರಾಯಚೂರು, ಬೀದರಗಳು ಹೈದರಾಬಾದಿನ ನಿಜಾಮರ ಆಳಿಕೆಯಲ್ಲಿ, ಕೊಡಗು ಬೇರೆಯೇ. ಒಂದು ಕಡೆಯ ಕನ್ನಡಿಗನಿಗೆ ಇನ್ನೊಂದು ಕಡೆಯ ಕನ್ನಡಿಗನ ಪರಿಚಯವೇ ಇಲ್ಲದಂತಿತ್ತು. ಇಂಥ ನಾಡಿನ ಚೂರುಗಳನ್ನು ಹೊಲಿಯುವುದಕ್ಕೆ ರೈಲಿಗಿಂತಲೂ ಹೆಚ್ಚಾಗಿ ನೆರವಾದದ್ದು ಅಂಚೆಯ ಮೂಲಕ ಹೋಗುತ್ತಿದ್ದ ಪತ್ರಿಕೆಗಳು ಎಂದರೆ ತಪ್ಪಾಗಲಾರದು.

ಕನ್ನಡಕ್ಕೆ ಪತ್ರಿಕೆ ಹೊಸತೇನೂ ಆಗಿರಲಿಲ್ಲ. 1843ರಲ್ಲಿಯೇ ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿಗಳು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದರು. 1890ರಲ್ಲಿ ಸ್ಥಾಪಿತವಾದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವು 1896ರಲ್ಲಿ ‘ವಾಗ್ಭೂಷಣ’ವನ್ನು ಪ್ರಾರಂಭಿಸಿತು. ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಹೊರಡುತ್ತಿತ್ತು. ಅದನ್ನು ಬೆಳೆಸಿದ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಕನ್ನಡ ಪುಸ್ತಕವನ್ನು ಕೊಳ್ಳುವ ಅಭ್ಯಾಸವೇ ಇಲ್ಲದ ಜನಕ್ಕೆ ಮನೆಬಾಗಿಲಿಗೇ ಹೋಗಿ ಓದಿನ ರುಚಿ ಹತ್ತಿಸಿದ ಆ ಹಿರಿಯರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪಿತವಾಯಿತು. ಮರುವರ್ಷವೇ ಅದರ ಪತ್ರಿಕೆಯೂ ಹೊರಬಂದಿತು.

ಹಾಗಾದರೆ ಇನ್ನೊಂದು ಪತ್ರಿಕೆಯ ಆವಶ್ಯಕತೆ ಏನಿತ್ತು? ಈ ಪ್ರಶ್ನೆಯನ್ನು ಅಂದಿನವರೂ ಕೇಳಿರಬೇಕು. ಉತ್ತರವು ವಿಶ್ವವಿದ್ಯಾನಿಲಯದ ಚರಿತ್ರೆಯಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅದರ ಮೊದಲ ಕುಲಪತಿಗಳು ಎಚ್.ವಿ. ನಂಜುಂಡಯ್ಯನವರು, ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಅವರೇ. ಮೈಸೂರಿನ ಮಹಾರಾಜಾ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು ಈ ಎರಡೂ ಹೊಸ ವಿಶ್ವವಿದ್ಯಾನಿಲಯದ ಎರಡು ಕಣ್ಣುಗಳಾದವು. ದೇಶೀಯ ಸಂಸ್ಥಾನವೊಂದು ತನ್ನ ಪ್ರಜೆಗಳಿಗಾಗಿ ತಾನೇ ಕಟ್ಟಿಕೊಂಡ ವಿಶ್ವವಿದ್ಯಾನಿಲಯ ಅದು. ಆದರೆ ಅದರೊಳಗೆ ಆ ಪ್ರಜೆಗಳ ಭಾಷೆಗೆ ದೊರೆತಿದ್ದ ಸ್ಥಾನ ಅತಿ ಸಣ್ಣದು. ಕನ್ನಡದ ಮನೆಯಲ್ಲಿ ಕನ್ನಡವೇ ಅತಿಥಿಯಾಗಿತ್ತು.

ಇದನ್ನು ಕಂಡು ಮೊದಲು ನೊಂದವರು ಪಂಡಿತರಲ್ಲ, ಇಂಗ್ಲಿಷ್ ಕಲಿತವರು ಎಂಬುದು ವಿಚಾರಾರ್ಹವಾದ ಸಂಗತಿ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿಯೇ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ವಿಷಯವಾಗಿ ಉಪನ್ಯಾಸ ಮಾಡಿದ್ದರು. ಕನ್ನಡಕ್ಕಾಗಿ ದುಡಿದ ಆ ತಲೆಮಾರಿನ ಎಲ್ಲರ ಮನೆಮಾತೂ ಕನ್ನಡವಾಗಿರಲಿಲ್ಲ. ಶ್ರೀಕಂಠಯ್ಯನವರ ಮನೆಮಾತು ತಮಿಳು. ಸಣ್ಣ ಕಥೆಗೆ ಕನ್ನಡದಲ್ಲಿ ನೆಲೆ ತೋರಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತೂ ತಮಿಳೇ. ನಾಡಿನ ನುಡಿಯನ್ನು ತಮ್ಮ ನುಡಿಯೆಂದು ಅವರು ಆರಿಸಿಕೊಂಡರು.

ಇನ್ನು ಸೆಂಟ್ರಲ್ ಕಾಲೇಜಿನ ವಿಷಯ. ಆ ಕಾಲೇಜು ವಿಜ್ಞಾನ ವಿಷಯಗಳಿಗೆ ಹೆಸರಾಗಿದ್ದುದು. ಅಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರ್ಯರ ಜೊತೆಗೂಡಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದ್ದರು. ಪಾರಿಭಾಷಿಕ ಶಬ್ದಗಳೇ ಇಲ್ಲದ ಕಾಲದಲ್ಲಿ ಒಂದೊಂದು ಶಬ್ದವನ್ನೂ ಅವರು ಕಟ್ಟಬೇಕಾಗಿತ್ತು. ಎರಡು ವರ್ಷ ನಡೆದು 1919ರಲ್ಲಿ ಆ ಪತ್ರಿಕೆ ನಿಂತುಹೋಯಿತು. ಅದೇ ವರ್ಷ, ಅದೇ ಬೆಂಗಳೂರಿನಲ್ಲಿ ‘ಪ್ರಬುದ್ಧ ಕರ್ಣಾಟಕ’ ಹುಟ್ಟಿತು. ಒಂದು ದೀಪ ಆರಿದ ಮನೆಯಲ್ಲಿ ಮತ್ತೊಂದನ್ನು ಹಚ್ಚುವುದಕ್ಕೆ ಎಷ್ಟು ಧೈರ್ಯ ಬೇಕೆಂಬುದನ್ನು ನೀವೇ ಊಹಿಸಿಕೊಳ್ಳಬಹುದು. ಅಲ್ಲದೆ ಆ ಕಾಲವೂ ಒಳ್ಳೆಯ ಕಾಲವಾಗಿರಲಿಲ್ಲ. ಮೊದಲನೆಯ ಮಹಾಯುದ್ಧವು ಆಗತಾನೆ ಮುಗಿದಿತ್ತು. 1918ರ ಇನ್‌ಫ್ಲುಯೆಂಜಾ ಜ್ವರವು ನಾಡಿನ ಮನೆಮನೆಯಲ್ಲಿಯೂ ಸಾವನ್ನು ತಂದಿತ್ತು. ಯುದ್ಧದ ದೆಸೆಯಿಂದ ಬೆಲೆಗಳು ಏರಿದ್ದವು. ಸಾಹಿತ್ಯ ಪತ್ರಿಕೆಯೊಂದನ್ನು ಪ್ರಾರಂಭಿಸಲು ಯಾವ ಜ್ಯೋತಿಷಿಯೂ ಈ ಮುಹೂರ್ತವನ್ನು ಆರಿಸುತ್ತಿರಲಿಲ್ಲ!

ಆರಿಸಿದವರು ಎ.ಆರ್. ಕೃಷ್ಣಶಾಸ್ತ್ರಿಗಳು. ಅಂಬಳೆ ರಾಮಕೃಷ್ಣಶಾಸ್ತ್ರಿಗಳ ಮಗನಾಗಿ 1890ರಲ್ಲಿ ಜನಿಸಿದ ಅವರು ಸಂಸ್ಕೃತ, ಕನ್ನಡಗಳೆರಡರಲ್ಲಿಯೂ ಆಳವಾದ ಪಾಂಡಿತ್ಯವಿದ್ದವರು, ಇಂಗ್ಲಿಷ್ ಸಾಹಿತ್ಯವನ್ನು ಚೆನ್ನಾಗಿ ಬಲ್ಲವರು, ಬಂಗಾಳಿಯನ್ನೂ ಕಲಿತವರು. ಸೆಂಟ್ರಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಅವರು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ‘ಕರ್ಣಾಟಕ ಸಂಘ’ವನ್ನು ಕಟ್ಟಿದರು. ಇಂದು ಪ್ರತಿಯೊಂದು ಕಾಲೇಜಿನಲ್ಲಿಯೂ, ಕಾರ್ಖಾನೆ ಕಚೇರಿಗಳಲ್ಲಿಯೂ, ದೂರದ ದೆಹಲಿ ಮುಂಬಯಿಗಳಲ್ಲಿಯೂ, ಹೊರದೇಶಗಳಲ್ಲಿಯೂ ಕನ್ನಡ ಸಂಘಗಳಿವೆ. ಕಾಲೇಜುಗಳಲ್ಲಿ ಇಂಥ ಸಂಘಗಳ ಪರಂಪರೆಗೆ ಮೊದಲ ಪಂಕ್ತಿ ಹಾಕಿದ್ದು ಸೆಂಟ್ರಲ್ ಕಾಲೇಜಿನ ಸಂಘ. ಅಲ್ಲಿ ಕನ್ನಡದಲ್ಲಿ ಭಾಷಣ ಮಾಡುವುದು, ಪ್ರಬಂಧ ಓದುವುದು, ಚರ್ಚೆ ನಡೆಸುವುದು ಇವೇ ಕಾರ್ಯಕ್ರಮಗಳು. ಕನ್ನಡದಲ್ಲಿ ಹತ್ತು ನಿಮಿಷ ತಡೆಯಿಲ್ಲದೆ ಮಾತನಾಡುವುದೇ ಕಾಲೇಜು ಹುಡುಗನಿಗೆ ಕಷ್ಟವಾಗಿದ್ದ ದಿನಗಳಲ್ಲಿ ಇದೇನೂ ಸಣ್ಣ ಕೆಲಸವಲ್ಲ.

ಆಡಿದ ಮಾತು ಗಾಳಿಗೆ ಹೋಗುತ್ತದೆ. ಸಂಘದಲ್ಲಿ ಓದಿದ ಒಳ್ಳೆಯ ಪ್ರಬಂಧವು ಅಲ್ಲಿ ಕುಳಿತ ನಲವತ್ತು ಐವತ್ತು ಜನರ ಕಿವಿಗೆ ಬಿದ್ದು ಮುಗಿದುಹೋಗಬಾರದು. ಧಾರವಾಡದವರೂ ಮಂಗಳೂರಿನವರೂ ಅದನ್ನು ಓದಬೇಕು. ಒಪ್ಪದಿದ್ದರೆ ಉತ್ತರ ಬರೆಯಬೇಕು. ಇದಕ್ಕೆ ಪತ್ರಿಕೆಯಲ್ಲದೆ ಬೇರೆ ದಾರಿಯಿಲ್ಲ. ಹೀಗೆ ಸಂಘದ ಮಗುವಾಗಿ ಪತ್ರಿಕೆ ಜನಿಸಿತು. ಕೃಷ್ಣಶಾಸ್ತ್ರಿಗಳೇ ಸಂಪಾದಕರಾದರು.

ಪತ್ರಿಕೆಯ ಹೆಸರನ್ನು ಕುರಿತು ಒಂದು ಮಾತು. ‘ಪ್ರಬುದ್ಧ’ ಎಂದರೆ ಎಚ್ಚೆತ್ತದ್ದು, ಅರಿವು ಮೂಡಿದ್ದು ಎಂದು ಅರ್ಥ. ಈ ಶಬ್ದವನ್ನು ಈಗ ನಾವು ‘ಪ್ರೌಢ’ ಎಂಬ ಅರ್ಥದಲ್ಲಿ ಹೆಚ್ಚಾಗಿ ಬಳಸುತ್ತೇವೆ. ಅಂದಿನವರ ಮನಸ್ಸಿನಲ್ಲಿದ್ದುದು ನಿದ್ರೆಯಿಂದೆದ್ದ ನಾಡಿನ ಚಿತ್ರ. ನಾಡೇ ಇನ್ನೂ ಒಂದುಗೂಡಿರದ ದಿನಗಳಲ್ಲಿ, ಅದರ ಹೆಸರನ್ನು ಪತ್ರಿಕೆಯ ಮುಖದ ಮೇಲೆ ಬರೆದು, ಅದು ಎಚ್ಚೆತ್ತಿದೆ ಎಂದು ಸಾರಿದ್ದು ಬಯಕೆಯೂ ಹೌದು, ಸಂಕಲ್ಪವೂ ಹೌದು. ‘ಕರ್ಣಾಟಕ’ ಎಂಬಲ್ಲಿರುವ ಣಕಾರವನ್ನು ಕಂಡು ಅಚ್ಚಿನ ತಪ್ಪೆಂದು ನೀವು ಭಾವಿಸಬಾರದು. ಅಂದಿನ ವಿದ್ವಾಂಸರಲ್ಲಿ ಆ ರೂಪವೇ ಬಳಕೆಯಲ್ಲಿತ್ತು; ಆರ್. ನರಸಿಂಹಾಚಾರ್ಯರ ಮಹಾಗ್ರಂಥದ ಹೆಸರೂ ‘ಕರ್ಣಾಟಕ ಕವಿಚರಿತೆ’ಯೇ. 1973ರಲ್ಲಿ ನಮ್ಮ ರಾಜ್ಯಕ್ಕೆ ‘ಕರ್ನಾಟಕ’ ಎಂದು ನಾಮಕರಣವಾದ ಮೇಲೆಯೂ ಪತ್ರಿಕೆ ತನ್ನ ಹಳೆಯ ಣಕಾರವನ್ನು ಬಿಟ್ಟುಕೊಡಲಿಲ್ಲ.

ಕೃಷ್ಣಶಾಸ್ತ್ರಿಗಳಿಗೆ ಹೆಗಲೆಣೆಯಾಗಿ ನಿಂತವರು ಅವರ ಆಪ್ತಮಿತ್ರರಾದ ಟಿ.ಎಸ್. ವೆಂಕಣ್ಣಯ್ಯನವರು. ಚಿತ್ರದುರ್ಗ ಸೀಮೆಯ ತಳುಕಿನವರಾದ ವೆಂಕಣ್ಣಯ್ಯನವರದು ಎತ್ತರದ ಆಳು, ಅದಕ್ಕಿಂತ ಎತ್ತರದ ಮನಸ್ಸು. ಕಟ್ಟುನಿಟ್ಟು ಒಬ್ಬರದು, ಔದಾರ್ಯ ಇನ್ನೊಬ್ಬರದು; ಇಬ್ಬರದೂ ಒಂದೇ ಗುರಿ. ಅವರಿಬ್ಬರನ್ನೂ ಕನ್ನಡದ ಅಶ್ವಿನೀದೇವತೆಗಳೆಂದು ಜನ ಕರೆದರು. ದೇವತೆಗಳಲ್ಲಿ ಅಶ್ವಿನಿಗಳು ವೈದ್ಯರಲ್ಲವೆ? ಸೊರಗಿದ್ದ ಭಾಷೆಗೆ ಚಿಕಿತ್ಸೆ ಮಾಡಿದವರಿಗೆ ಈ ಹೆಸರು ಚೆನ್ನಾಗಿ ಒಪ್ಪುತ್ತದೆ.

ಪತ್ರಿಕೆಯನ್ನು ಸಂಪಾದಿಸುವುದೆಂದರೆ ಬಂದ ಲೇಖನಗಳನ್ನು ಒಟ್ಟುಗೂಡಿಸಿ ಅಚ್ಚಿಗೆ ಕಳುಹಿಸುವುದು ಎಂದು ಅನೇಕರು ತಿಳಿದಿದ್ದಾರೆ. ಆ ಕೆಲಸದ ಕಷ್ಟವನ್ನು ಮಾಡಿದವರೇ ಬಲ್ಲರು. ಮೊದಲು ಬರೆಯುವವರು ಬೇಕು. 1919ರಲ್ಲಿ ವಿಚಾರಪೂರ್ಣವಾದ ಕನ್ನಡ ಗದ್ಯವನ್ನು ಬರೆಯಬಲ್ಲವರು ಎಷ್ಟು ಜನ? ಇಂಗ್ಲಿಷ್ ಬಲ್ಲವರಿಗೆ ವಿಷಯ ಗೊತ್ತು, ಕನ್ನಡದಲ್ಲಿ ಬರೆದು ಅಭ್ಯಾಸವಿಲ್ಲ. ಪಂಡಿತರಿಗೆ ಕನ್ನಡ ಗೊತ್ತು, ಹೊಸ ವಿಷಯಗಳ ಪರಿಚಯವಿಲ್ಲ. ಮೊದಲಿನವರು ಬರೆದರೆ ವಾಕ್ಯಗಳು ಇಂಗ್ಲಿಷಿನ ಅಂಗಿ ತೊಟ್ಟು ಬರುತ್ತಿದ್ದವು. ಎರಡನೆಯವರು ಬರೆದರೆ ಉದ್ದುದ್ದದ ಸಮಾಸಗಳ ಕಾಡಿನಲ್ಲಿ ಅರ್ಥ ದಾರಿ ತಪ್ಪುತ್ತಿತ್ತು. ಈ ಎರಡರ ನಡುವೆ ತಿಳಿಯಾದ, ಬಿಗಿಯಾದ ಒಂದು ಗದ್ಯಶೈಲಿಯನ್ನು ರೂಢಿಸಬೇಕಾಗಿತ್ತು.

ಇನ್ನು ಮುದ್ರಣ. ಆಗ ಸೀಸದ ಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಿ ಪುಟಗಳನ್ನು ಕಟ್ಟುತ್ತಿದ್ದರು. ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರಗಳು. ಅವುಗಳಲ್ಲಿ ದೊಡ್ಡವು, ಚಿಕ್ಕವು ಎರಡು ಬಗೆ. ಕನ್ನಡದಲ್ಲಿ ಕಾಗುಣಿತದ ರೂಪಗಳು ಬೇರೆ, ಒತ್ತಕ್ಷರಗಳು ಬೇರೆ, ದೀರ್ಘದ ಗುರುತುಗಳು ಬೇರೆ. ಮೊಳೆ ಜೋಡಿಸುವವನ ಮುಂದೆ ನೂರಾರು ಗೂಡುಗಳ ಪೆಟ್ಟಿಗೆಯಿರಬೇಕು. ಯಾವ ಗೂಡಿನಲ್ಲಿ ಯಾವ ಮೊಳೆಯಿದೆಯೆಂಬುದು ಅವನ ಬೆರಳಿಗೆ ತಿಳಿದಿರಬೇಕು. ಒಂದು ಒತ್ತು ಜಾರಿದರೆ ‘ಅಣ್ಣ’ನು ‘ಅಣ’ನಾಗುತ್ತಾನೆ. ಮೇಲಾಗಿ ಶಾಸನಪಾಠಗಳೂ ಹಳಗನ್ನಡ ಪದ್ಯಗಳೂ ಸಂಸ್ಕೃತ ಶ್ಲೋಕಗಳೂ ಸೇರಿದ ಲೇಖನಗಳೆಂದರೆ ಅಚ್ಚುಕೂಟದವರಿಗೆ ತಲೆನೋವೇ ಸರಿ. ಕರಡಚ್ಚು ಬಂದಾಗ ಮೂಲದೊಡನೆ ಹೋಲಿಸಿ ತಿದ್ದಬೇಕು; ತಿದ್ದಿದ್ದು ಸರಿಯಾಗಿ ಬಂದಿತೇ ಎಂದು ಮತ್ತೆ ನೋಡಬೇಕು. ತರಗತಿಯ ಪಾಠವನ್ನು ಮುಗಿಸಿ ಬಂದ ಅಧ್ಯಾಪಕರು ರಾತ್ರಿಯ ದೀಪದ ಬೆಳಕಿನಲ್ಲಿ ಮಾಡಬೇಕಾದ ಕೆಲಸವಿದು. ಇದಕ್ಕೆ ಸಂಬಳವೇನೂ ಇರುವುದಿಲ್ಲ. ಹೆಸರೂ ಲೇಖಕರಿಗೇ ಹೋಗುತ್ತದೆ.

ಕೊನೆಯದಾಗಿ ಚಂದಾದಾರರು. ಸಾಹಿತ್ಯ ಪತ್ರಿಕೆಗೆ ಓದುಗರ ಕೊರತೆ ಇಂದಿನ ರೋಗವೆಂದು ನಾವು ಮರುಗುತ್ತೇವೆ. ಅದು ಅಂದೂ ಇದ್ದ ರೋಗವೇ. ಆದರೆ ಈ ಪತ್ರಿಕೆಗೆ ಒಂದು ಅನುಕೂಲವಿತ್ತು. ಪ್ರತಿವರ್ಷವೂ ಕಾಲೇಜಿಗೆ ಹೊಸ ಹುಡುಗರು ಬರುತ್ತಿದ್ದರು. ಅವರಲ್ಲಿ ಕೆಲವರಾದರೂ ಸಂಘಕ್ಕೆ ಸೇರುತ್ತಿದ್ದರು, ಪತ್ರಿಕೆಯನ್ನು ಓದುತ್ತಿದ್ದರು, ಪದವಿ ಪಡೆದು ತಮ್ಮ ಊರುಗಳಿಗೆ ಹಿಂತಿರುಗಿ ಅಧ್ಯಾಪಕರೋ ಅಮಲ್ದಾರರೋ ವಕೀಲರೋ ಆಗುತ್ತಿದ್ದರು. ಊರಿಗೊಬ್ಬ ಅಂಥವನಿದ್ದರೂ ಪತ್ರಿಕೆಗೆ ಅಲ್ಲೊಂದು ಮನೆ ದೊರೆತಂತೆ. ಒಬ್ಬನೇ ಮನುಷ್ಯನ ಉತ್ಸಾಹದಿಂದ ನಡೆಯುವ ಪತ್ರಿಕೆಗೂ ವಿದ್ಯಾಸಂಸ್ಥೆಯ ಆಶ್ರಯದಲ್ಲಿ ನಡೆಯುವ ಪತ್ರಿಕೆಗೂ ಇರುವ ವ್ಯತ್ಯಾಸ ಮುಖ್ಯವಾಗಿ ಇದೇ ಎಂದು ನನಗೆ ತೋರುತ್ತದೆ.

ಹಳೆಯ ಸಂಪುಟಗಳನ್ನು ತೆರೆದು ನೋಡಿದರೆ ಪತ್ರಿಕೆಯ ಹರಹು ಕಣ್ಣಿಗೆ ಕಟ್ಟುತ್ತದೆ. ಕವಿತೆ, ಕಥೆ, ನಾಟಕ, ಪ್ರಬಂಧಗಳು ಒಂದು ಕಡೆ. ಕವಿಕಾಲನಿರ್ಣಯ, ಶಾಸನ, ವ್ಯಾಕರಣ, ಛಂದಸ್ಸು ಮುಂತಾದ ಸಂಶೋಧನ ಲೇಖನಗಳು ಇನ್ನೊಂದು ಕಡೆ. ಹೊಸ ಪುಸ್ತಕಗಳ ವಿಮರ್ಶೆ ಮತ್ತೊಂದು ಕಡೆ. ಸೃಷ್ಟಿ ಮತ್ತು ಸಂಶೋಧನೆಗಳು ಒಂದೇ ರಟ್ಟಿನೊಳಗೆ ಕೂಡಿ ಬಾಳಿದುದು ಈ ಪತ್ರಿಕೆಯ ವಿಶೇಷ. ಇಪ್ಪತ್ತರ ಹರೆಯದ ಹುಡುಗನ ಪ್ರೇಮಗೀತೆಯ ಮಗ್ಗುಲಲ್ಲೇ ಹತ್ತನೆಯ ಶತಮಾನದ ಕವಿಯೊಬ್ಬನ ಪದಪ್ರಯೋಗವನ್ನು ಕುರಿತ ಚರ್ಚೆ ಇರಬಹುದಾಗಿತ್ತು. ಹೊಸದನ್ನು ಬರೆಯುವವನು ಹಳೆಯದರ ಬೆಲೆಯನ್ನು ಅರಿಯುವಂತೆಯೂ, ಹಳೆಯದರಲ್ಲಿ ಮುಳುಗಿದವನು ಹೊಸ ಗಾಳಿಗೆ ಮುಖವೊಡ್ಡುವಂತೆಯೂ ಈ ನೆರೆಹೊರೆ ಮಾಡಿತು.

ಸಂಶೋಧನ ಲೇಖನಗಳ ವಿಷಯದಲ್ಲಿ ನೀವು ತಿಳಿಯಬೇಕಾದ ಸ್ವಾರಸ್ಯವೊಂದಿದೆ. ‘ಕವಿರಾಜಮಾರ್ಗ’ವನ್ನು ಬರೆದವನು ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನೇ, ಅಥವಾ ಅವನ ಆಸ್ಥಾನದ ಶ್ರೀವಿಜಯನೇ? ಇಂಥ ಪ್ರಶ್ನೆಗಳು ಆ ದಶಕಗಳ ವಿದ್ವಾಂಸರನ್ನು ಬಹಳವಾಗಿ ಕಾಡಿದವು. ಪುಸ್ತಕದಲ್ಲಿ ಬರೆದ ಅಭಿಪ್ರಾಯಕ್ಕೆ ಉತ್ತರ ಬರಬೇಕಾದರೆ ಇನ್ನೊಂದು ಪುಸ್ತಕವೇ ಹುಟ್ಟಬೇಕು. ತ್ರೈಮಾಸಿಕದಲ್ಲಾದರೋ ಮೂರೇ ತಿಂಗಳಲ್ಲಿ ಉತ್ತರ ಬರಬಹುದು, ಅದಕ್ಕೆ ಪ್ರತ್ಯುತ್ತರವೂ ಬರಬಹುದು. ನಾವು ಒಪ್ಪದವರ ಮಾತನ್ನೂ ಪೂರ್ತಿಯಾಗಿ ಅಚ್ಚುಮಾಡಿ, ಆಮೇಲೆ ಆಧಾರಸಹಿತವಾಗಿ ಖಂಡಿಸುವುದು ಎಂಬ ಶಿಷ್ಟಾಚಾರವನ್ನು ಕನ್ನಡ ವಿದ್ವತ್ತು ಕಲಿತುಕೊಂಡದ್ದು ಇಂಥ ಪತ್ರಿಕೆಗಳ ಪುಟಗಳಲ್ಲಿ. ಪುಸ್ತಕವಿಮರ್ಶೆಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿಯವರೆಗೆ ಪುಸ್ತಕವನ್ನು ಕುರಿತು ಬರೆಯುವುದೆಂದರೆ ಹೊಗಳುವುದು ಎಂದೇ ಬಹುಮಟ್ಟಿನ ರೂಢಿ. ಸ್ನೇಹಿತನ ಪುಸ್ತಕದ ತಪ್ಪನ್ನು ಮುಖದಾಕ್ಷಿಣ್ಯವಿಲ್ಲದೆ ಹೇಳುವುದು, ಹೇಳಿದ ಮೇಲೆಯೂ ಸ್ನೇಹವನ್ನು ಉಳಿಸಿಕೊಳ್ಳುವುದು ಸುಲಭದ ವಿದ್ಯೆಯಲ್ಲ.

ಆ ಹೊತ್ತಿಗೆ ಮೈಸೂರಿನಲ್ಲಿಯೂ ಗಾಳಿ ತಿರುಗತೊಡಗಿತ್ತು. ಮಲೆನಾಡಿನ ಕುಪ್ಪಳಿಯಿಂದ ಮೈಸೂರಿಗೆ ಓದಲು ಬಂದಿದ್ದ ಕೆ.ವಿ. ಪುಟ್ಟಪ್ಪ ಎಂಬ ತರುಣನು ಇಂಗ್ಲಿಷಿನಲ್ಲಿ ಕವಿತೆಗಳನ್ನು ಬರೆಯುತ್ತಿದ್ದನು. 1922ರಲ್ಲಿ ಅವನ ಇಂಗ್ಲಿಷ್ ಕವಿತೆಗಳ ಸಣ್ಣ ಪುಸ್ತಕವೂ ಅಚ್ಚಾಗಿತ್ತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಅವನು ತನ್ನ ಕವಿತೆಗಳನ್ನು ತೋರಿಸಿದಾಗ, ನಿನ್ನ ನುಡಿಯಲ್ಲಿ ಏನು ಬರೆದಿರುವೆ ಎಂದು ಅವರು ಕೇಳಿದರೆಂಬುದು ಪ್ರಸಿದ್ಧವಾದ ಕಥೆ. ಆ ಪ್ರಶ್ನೆ ತರುಣನ ಬಾಳನ್ನೇ ತಿರುಗಿಸಿತು. ಅವನು ಮುಂದೆ ಕುವೆಂಪು ಆದನು. ಆದರೆ ಇಲ್ಲಿ ನಾವು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಕನ್ನಡದಲ್ಲಿ ಬರೆಯುತ್ತೇನೆಂದು ನಿಶ್ಚಯಿಸಿದ ತರುಣನು ಬರೆದದ್ದನ್ನು ಎಲ್ಲಿಗೆ ಕಳುಹಿಸಬೇಕು? ಓದಿ, ತೂಗಿ, ಇದು ಕವಿತೆ ಎಂದು ಹೇಳುವವರು ಯಾರು? ಕಸಿನ್ಸ್ ಅವರ ಮಾತು ಬೀಜವಾದರೆ ಬಿತ್ತುವುದಕ್ಕೆ ಹದಗೊಂಡ ನೆಲವೂ ಬೇಕಲ್ಲವೆ? ಆ ನೆಲವನ್ನು ಐದು ವರ್ಷ ಮೊದಲೇ ಉತ್ತು ಇಟ್ಟಿದ್ದವರಲ್ಲಿ ಕೃಷ್ಣಶಾಸ್ತ್ರಿಗಳು ಒಬ್ಬರು. ಕುವೆಂಪು ಮತ್ತು ಅವರ ಓರಗೆಯ ಅನೇಕ ತರುಣರ ಬರಹಗಳಿಗೆ ‘ಪ್ರಬುದ್ಧ ಕರ್ಣಾಟಕ’ವು ಅಂಗಳವಾಯಿತು.

ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕರೂಪವಾಗಿ ಬಂದು ಹೊಸ ಕವಿತೆಗೆ ಹೊಸ ಮಟ್ಟುಗಳನ್ನು ತೋರಿಸಿಕೊಟ್ಟಿತು. ಮರುವರ್ಷ, ಎಂದರೆ 1927ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಪ್ರಾರಂಭವಾಯಿತು. ವೆಂಕಣ್ಣಯ್ಯನವರು ಮಹಾರಾಜಾ ಕಾಲೇಜಿನಲ್ಲಿ ಆ ತರಗತಿಯ ಪ್ರಾಣವಾದರು. ಕುವೆಂಪು, ಡಿ.ಎಲ್. ನರಸಿಂಹಾಚಾರ್ ಮೊದಲಾದವರು ಅವರ ಬಳಿ ಓದಿದವರು. ಪಾಠಪುಸ್ತಕಗಳೇ ಸರಿಯಾಗಿ ಸಿದ್ಧವಾಗಿರದ, ವಿಮರ್ಶೆಯ ಗ್ರಂಥಗಳು ಬೆರಳೆಣಿಕೆಯಷ್ಟೇ ಇದ್ದ ಆ ಕಾಲದಲ್ಲಿ ಎಂ.ಎ. ವಿದ್ಯಾರ್ಥಿಗಳು ಏನನ್ನು ಓದಬೇಕಾಗಿತ್ತು? ಪತ್ರಿಕೆಗಳ ಹಳೆಯ ಸಂಚಿಕೆಗಳನ್ನೇ ಹುಡುಕಿ ಓದಬೇಕಾಗಿತ್ತು. ಎಂಟು ವರ್ಷ ಬೆಳೆದಿದ್ದ ‘ಪ್ರಬುದ್ಧ ಕರ್ಣಾಟಕ’ವು ಹೀಗೆ, ಕನ್ನಡ ಎಂ.ಎ.ಗೆ ತಾನು ಮೊದಲೇ ಬಂದು ಕಾದು ಕುಳಿತ ಅಧ್ಯಾಪಕನಂತಾಯಿತು. ಮಹಾರಾಜಾ ಕಾಲೇಜಿನಲ್ಲಿಯೂ ಕರ್ಣಾಟಕ ಸಂಘವು ಚುರುಕಾಗಿ, ತರುಣಕವಿಗಳ ಕವನಗಳನ್ನು ‘ಕಿರಿಯ ಕಾಣಿಕೆ’, ‘ತಳಿರು’ ಎಂಬ ಸಂಗ್ರಹಗಳಾಗಿ ಪ್ರಕಟಿಸಿತು.

ಸಂಘದ ಪತ್ರಿಕೆಯಾಗಿ ಪ್ರಾರಂಭವಾದುದನ್ನು ಕೆಲಕಾಲದ ಮೇಲೆ ವಿಶ್ವವಿದ್ಯಾನಿಲಯವು ತನ್ನದಾಗಿ ವಹಿಸಿಕೊಂಡಿತು. ಕಾರ್ಯಕ್ಷೇತ್ರವು ಮೈಸೂರಿಗೆ ಬದಲಾಯಿಸಿತು. ಇದು ಒಳ್ಳೆಯದಾಯಿತೇ? ಪತ್ರಿಕೆ ಉಳಿದುದು ಇದರಿಂದಲೇ ಎಂಬುದರಲ್ಲಿ ಸಂದೇಹವಿಲ್ಲ. ಚಂದಾಹಣ ಬಾರದಿದ್ದರೆ ಮುಂದಿನ ಸಂಚಿಕೆ ನಿಲ್ಲುವುದೆಂಬ ಭಯ ಹೋಯಿತು. ಜೊತೆಜೊತೆಯಲ್ಲಿ ಕನ್ನಡ ಪತ್ರಿಕೆಯ ಖರ್ಚನ್ನು ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತೆಂದರೆ ಕನ್ನಡಕ್ಕೆ ವಿದ್ಯೆಯ ಭಾಷೆಯೆಂದು ಮುದ್ರೆ ಬಿದ್ದಂತೆಯೂ ಆಯಿತು. ಆದರೆ ಪಡೆದುದೆಲ್ಲವೂ ಲಾಭವಲ್ಲ. ಹುಡುಗರ ಸಂಘದ ಬಿಸಿ, ಅವಸರ, ಎಂತಾದರೂ ಮಾಡಿಯೇ ತೀರುತ್ತೇವೆಂಬ ಹಟ ಇವು ಕಚೇರಿಯ ಕಡತಗಳಲ್ಲಿ ಹುಟ್ಟುವಂಥವಲ್ಲ. ವರ್ಷಗಳು ಉರುಳಿದಂತೆ ಪತ್ರಿಕೆಯಲ್ಲಿ ಸಂಶೋಧನೆಯ ಭಾಗ ಬಲಿಯಿತು, ಸೃಷ್ಟಿಸಾಹಿತ್ಯದ ಭಾಗ ತೆಳುವಾಯಿತು. ಇದು ಪಂಡಿತರ ಪತ್ರಿಕೆ ಎಂಬ ದೂರು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಕನ್ನಡ ಕವಿತೆಯಲ್ಲಿ ನವ್ಯದ ಗಾಳಿ ಬೀಸಿದಾಗ ಅದಕ್ಕೆ ವೇದಿಕೆಯಾದವು ಬೇರೆ ಪತ್ರಿಕೆಗಳು. ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’, ಧಾರವಾಡದ ‘ಸಂಕ್ರಮಣ’ ಮೊದಲಾದವು ಅರವತ್ತರ ದಶಕದಲ್ಲಿ ಹುಟ್ಟಿ, ತರುಣ ಬರಹಗಾರರನ್ನು ತಮ್ಮತ್ತ ಸೆಳೆದುಕೊಂಡವು. ಹಿಂದೆ ಕೃಷ್ಣಶಾಸ್ತ್ರಿಗಳು ಮಾಡಿದ ಕೆಲಸವನ್ನೇ ಅವು ತಮ್ಮ ಕಾಲಕ್ಕೆ ತಕ್ಕಂತೆ ಮಾಡಿದವು ಎನ್ನಬೇಕು.

ಹಾಗೆಂದು ಪತ್ರಿಕೆಯ ಬೇರು ಒಣಗಲಿಲ್ಲ. ಬೇರೆ ಕಡೆ ಚಿಗುರಿತು. ವಿಶ್ವವಿದ್ಯಾನಿಲಯವು 1946ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನು ಹೊರತಂದಿತು. ಪ್ರಚಾರೋಪನ್ಯಾಸಗಳ ಮೂಲಕ ಅಧ್ಯಾಪಕರು ಹಳ್ಳಿಪಟ್ಟಣಗಳಿಗೆ ಹೋಗಿ ಕನ್ನಡದಲ್ಲಿ ಎಲ್ಲ ಶಾಸ್ತ್ರಗಳನ್ನೂ ತಿಳಿಸಿದರು. ಆ ಉಪನ್ಯಾಸಗಳು ಸಣ್ಣ ಸಣ್ಣ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಜನರ ಕೈ ಸೇರಿದವು. ಒಂದು ಕಾಲಕ್ಕೆ ಕನ್ನಡ ಎಂ.ಎ.ಯ ವಿದ್ಯಾರ್ಥಿಯಾಗಿದ್ದ ಕುವೆಂಪು 1956ರಿಂದ 1960ರವರೆಗೆ ಅದೇ ವಿಶ್ವವಿದ್ಯಾನಿಲಯದ ಕುಲಪತಿಗಳಾದರು. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ರೂಪುಗೊಂಡಿತು. ಕನ್ನಡ ವಿಶ್ವಕೋಶದ ಮೊದಲ ಸಂಪುಟವು 1969ರಲ್ಲಿ ಬೆಳಕು ಕಂಡಿತು. ‘ಮಾನವಿಕ ಕರ್ಣಾಟಕ’, ‘ವಿಜ್ಞಾನ ಕರ್ಣಾಟಕ’ ಎಂಬ ಎರಡು ಸೋದರ ಪತ್ರಿಕೆಗಳು ಹುಟ್ಟಿದವು. ಬೆಳ್ಳಾವೆಯವರ ‘ವಿಜ್ಞಾನ’ವು ನಿಂತುಹೋದ ಅರ್ಧಶತಮಾನದ ಮೇಲೆ, ವಿಜ್ಞಾನವು ಕನ್ನಡ ಪತ್ರಿಕೆಯಾಗಿ ಅದೇ ವಿಶ್ವವಿದ್ಯಾನಿಲಯಕ್ಕೆ ಹಿಂತಿರುಗಿದ್ದನ್ನು ನೋಡಿದರೆ, ಯಾವ ಪ್ರಯತ್ನವೂ ಸುಮ್ಮನೆ ಹೋಗಲಿಲ್ಲವೆಂದು ಸಮಾಧಾನವಾಗುತ್ತದೆ. ಬೇರೆ ವಿಶ್ವವಿದ್ಯಾನಿಲಯಗಳೂ ಈ ಹಾದಿಯನ್ನು ಹಿಡಿದವು: ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಿಂದ ‘ಕರ್ನಾಟಕ ಭಾರತಿ’, ಬೆಂಗಳೂರು ವಿಶ್ವವಿದ್ಯಾನಿಲಯದಿಂದ ‘ಸಾಧನೆ’ ಹೊರಬಂದವು. ಪತ್ರಿಕೆ ಹುಟ್ಟಿದ ಸೆಂಟ್ರಲ್ ಕಾಲೇಜು 1964ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿಹೋಯಿತು. ಮಗಳು ಮೈಸೂರಿನಲ್ಲಿ, ತೌರುಮನೆ ಮಾತ್ರ ಬೇರೆಯವರ ಪಾಲಿಗೆ ಹೋದಂತಾಯಿತು! ಆದರೆ ಅಲ್ಲಿನ ಸಂಘವನ್ನು ಜಿ.ಪಿ. ರಾಜರತ್ನಂ ಅವರು ಬಹುಕಾಲ ಜೀವಕಳೆಯಿಂದ ನಡೆಸಿ, ಎಷ್ಟೋ ವಿದ್ಯಾರ್ಥಿಗಳನ್ನು ಬರಹಗಾರರನ್ನಾಗಿ ಮಾಡಿದರು.

ವೆಂಕಣ್ಣಯ್ಯನವರು 1939ರಲ್ಲಿಯೇ, ಇನ್ನೂ ಬಹಳ ಕಾಲ ಬಾಳಬೇಕಾಗಿದ್ದ ವಯಸ್ಸಿನಲ್ಲಿ ತೀರಿಕೊಂಡರು. ಕುವೆಂಪು ತಮ್ಮ ಮಹಾಕಾವ್ಯ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಆ ಗುರುಗಳಿಗೆ ಅರ್ಪಿಸಿದರು. ಕೃಷ್ಣಶಾಸ್ತ್ರಿಗಳು ದೀರ್ಘಕಾಲ ಬಾಳಿದರು. 1941ರಲ್ಲಿ ಹೈದರಾಬಾದಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1950ರಲ್ಲಿ ಹೊರಬಂದ ಅವರ ‘ವಚನಭಾರತ’ವನ್ನು ಓದದ ಕನ್ನಡ ಮನೆ ಅಪರೂಪ, ಬಂಕಿಮಚಂದ್ರನನ್ನು ಕುರಿತ ಗ್ರಂಥಕ್ಕೆ 1961ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ‘ವಚನಭಾರತ’ದ ಒಂದು ಪುಟವನ್ನು ಗಟ್ಟಿಯಾಗಿ ಓದಿ ನೋಡಿ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಮೆಯಿಲ್ಲ. ಇನ್ನೊಬ್ಬರ ಬರಹವನ್ನು ವರ್ಷಗಟ್ಟಲೆ ತಿದ್ದಿದ ಕೈಗೆ ಮಾತ್ರ ಒಲಿಯುವ ಹದ ಅದು ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಪತ್ರಿಕೆಗೆ ಐವತ್ತು ವರ್ಷ ತುಂಬಲು ಇನ್ನೊಂದು ವರ್ಷ ಉಳಿದಿದ್ದಾಗ, 1968ರಲ್ಲಿ, ಕೃಷ್ಣಶಾಸ್ತ್ರಿಗಳು ಕಾಲವಶರಾದರು. ಅನಂತರ ಹೊರಬಂದ ‘ಚಿನ್ನದ ಸಂಚಿಕೆ’ಯನ್ನು ಅವರು ಕಾಣಲಿಲ್ಲ. 2019ಕ್ಕೆ ಪತ್ರಿಕೆ ಹುಟ್ಟಿ ನೂರು ವರ್ಷಗಳಾದವು. ಮೈಸೂರಿಗೋ ಬೆಂಗಳೂರಿಗೋ ಹೋದಾಗ ಹಳೆಯ ಗ್ರಂಥಾಲಯಗಳಲ್ಲಿ ಅದರ ಮೊದಮೊದಲ ಸಂಪುಟಗಳನ್ನು ಕೇಳಿ ನೋಡಿ. ಹಾಳೆಗಳು ಹಳದಿಯಾಗಿವೆ, ಅಂಚು ಮುಟ್ಟಿದರೆ ಪುಡಿಯಾಗುತ್ತದೆ, ಮೆಲ್ಲನೆ ತಿರುವಬೇಕು.